ಮುಳುಗಿದ್ದು ಹಡಗು, ಮುಳುಗದೆ ಉಳಿದದ್ದು ಪ್ರಶ್ನೆ

ಸಮುದ್ರದ ಮೇಲಿನ ಯುದ್ಧಕ್ಕೆ ಸಾಕ್ಷಿಗಳು ಕಡಿಮೆ. ನೆಲದ ಮೇಲೆ ಬಿದ್ದ ಬಾಂಬು ಒಂದು ಗುಂಡಿಯನ್ನಾದರೂ ಉಳಿಸಿ ಹೋಗುತ್ತದೆ. ನಡುಗಡಲಿನಲ್ಲಿ ಸಿಡಿದ ಟಾರ್ಪಿಡೊ ಅದನ್ನೂ ಉಳಿಸುವುದಿಲ್ಲ. ಹಡಗು ಎಲ್ಲಿತ್ತು, ಯಾವ ದಿಕ್ಕಿಗೆ ಸಾಗುತ್ತಿತ್ತು, ಹೊಡೆಯಿರಿ ಎಂದವರು ಯಾರು ಎಂಬುದೆಲ್ಲ ಕಡೆಗೆ ಸರ್ಕಾರಿ ಕಡತಗಳಲ್ಲಷ್ಟೇ ಉಳಿಯುತ್ತದೆ. ಆ ಕಡತದ ಬೀಗದ ಕೈ ಇರುವುದು ಆದೇಶ ಕೊಟ್ಟವರ ಬಳಿಯಲ್ಲೇ. ನೌಕಾ ಸಮರದ ನಿರ್ಧಾರಗಳ ಹಿಂದೆ ರಾಜಕೀಯ ಹುಡುಕುವ ಜಗಳ ದಶಕಗಳು ಕಳೆದರೂ ಮುಗಿಯದಿರುವುದಕ್ಕೆ ಇದೇ ಕಾರಣ.

2025ರ ಸೆಪ್ಟೆಂಬರ್ 2ರಂದು ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕದ ಪಡೆಗಳು ದೋಣಿಯೊಂದನ್ನು ನಾಶಪಡಿಸಿದವು. ಅದು ಮಾದಕ ವಸ್ತು ಸಾಗಿಸುತ್ತಿತ್ತು ಎಂದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, 11 ಜನ ಹತರಾದರೆಂದು ಅಂದೇ ಪ್ರಕಟಿಸಿದರು. ಮೊದಲ ದಾಳಿಯಲ್ಲಿ ಬದುಕುಳಿದಿದ್ದವರ ಮೇಲೆ ಎರಡನೆಯ ಬಾರಿ ದಾಳಿ ನಡೆದಿತ್ತೆಂಬುದು ಬಯಲಾದದ್ದು ಅನಂತರ, ಅದೂ ಪತ್ರಿಕಾ ವರದಿಯಿಂದ. ಎರಡನೆಯ ದಾಳಿಗೆ ಆದೇಶಿಸಿದವರು ಅಡ್ಮಿರಲ್ ಫ್ರ್ಯಾಂಕ್ ಬ್ರಾಡ್ಲಿ ಎಂದು ಶ್ವೇತಭವನ ಡಿಸೆಂಬರ್‌ನಲ್ಲಿ ತಿಳಿಸಿತು. ಅವರಿಗೆ ಅಧಿಕಾರ ಕೊಟ್ಟವರು ರಕ್ಷಣಾ ಖಾತೆ ನೋಡಿಕೊಳ್ಳುವ ಪೀಟ್ ಹೆಗ್ಸೆತ್. ಆದೇಶ ಯಾರದು, ಹೊಣೆ ಯಾರದು, ಮೊದಲೇ ಏಕೆ ಹೇಳಲಿಲ್ಲ ಎಂಬ ಪ್ರಶ್ನೆಗಳು ಅಮೆರಿಕದ ಸಂಸತ್ತಿನಲ್ಲಿ ಎದ್ದವು.

ಈ ಪ್ರಶ್ನೆಗಳು ಹೊಸವಲ್ಲ. 1982ರ ಮೇ 2ರಂದು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ ಅರ್ಜೆಂಟೀನದ ‘ಜನರಲ್ ಬೆಲ್‌ಗ್ರಾನೊ’ ಯುದ್ಧನೌಕೆಯನ್ನು ಬ್ರಿಟನ್ ಮುಳುಗಿಸಿತು. 323 ನಾವಿಕರು ಸತ್ತರು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಆ ಆದೇಶ ಕೊಟ್ಟದ್ದು ದೇಶದ ರಕ್ಷಣೆಗೋ, ತಮ್ಮ ಕುರ್ಚಿಯ ರಕ್ಷಣೆಗೋ ಎಂಬ ವಾದ ನಾಲ್ಕು ದಶಕಗಳ ಅನಂತರವೂ ತಣ್ಣಗಾಗಿಲ್ಲ. ಈ ನಡುವೆ ಬಹುಪಾಲು ದಾಖಲೆಗಳು ಹೊರಬಂದಿವೆ, ಎರಡೂ ಕಡೆಯ ಸೇನಾಧಿಕಾರಿಗಳು ಮಾತನಾಡಿದ್ದಾರೆ. ಆದ್ದರಿಂದ ಸೇನಾ ನಿರ್ಧಾರದಲ್ಲಿ ರಾಜಕೀಯ ಎಲ್ಲಿ ಬೆರೆಯುತ್ತದೆ, ಎಲ್ಲಿ ಬೆರೆಯುವುದಿಲ್ಲ ಎಂಬುದನ್ನು ಅರಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮೂರು ಕಡೆ ಮೂರು ಲೆಕ್ಕ

ಫಾಕ್‌ಲ್ಯಾಂಡ್ ದ್ವೀಪಗಳಲ್ಲಿ ಆಗ ಇದ್ದದ್ದು ಸುಮಾರು 1,800 ಜನ. ಬ್ರಿಟನ್ನಿನಿಂದ ಅವು ಹದಿಮೂರು ಸಾವಿರ ಕಿಲೋಮೀಟರ್ ದೂರ. ಇಷ್ಟು ಸಣ್ಣ ಜನವಸತಿಗಾಗಿ ಎರಡು ದೇಶಗಳು ಕಾದಾಡಿದ್ದು ಏಕೆ ಎಂಬುದು ತಿಳಿಯಬೇಕಾದರೆ ಆ ವರ್ಷ ಎರಡೂ ರಾಜಧಾನಿಗಳು ಯಾವ ಸ್ಥಿತಿಯಲ್ಲಿದ್ದವು ಎಂಬುದನ್ನು ನೋಡಬೇಕು.

ಬ್ಯೂನಸ್ ಐರಿಸ್‌ನಲ್ಲಿ 1976ರಿಂದ ಸೇನಾ ಆಡಳಿತವಿತ್ತು. ವಿರೋಧಿಗಳನ್ನು ಹಿಡಿದೊಯ್ದು ಕಣ್ಮರೆ ಮಾಡುವುದು ಅದರ ಆಡಳಿತ ಕ್ರಮವೇ ಆಗಿತ್ತು. ಅನಂತರ ನೇಮಕಗೊಂಡ ಅಧಿಕೃತ ಆಯೋಗ ಸುಮಾರು 9,000 ಪ್ರಕರಣಗಳನ್ನು ದಾಖಲಿಸಿತು. ಮಾನವ ಹಕ್ಕು ಸಂಘಟನೆಗಳು ಹೇಳುವ ಸಂಖ್ಯೆ 30,000. 1981ರಲ್ಲಿ ಹಣದುಬ್ಬರ ಶೇ. 100ನ್ನು ದಾಟಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜನರಲ್ ಲಿಯೊಪಾಲ್ಡೊ ಗಾಲ್ಟಿಯೇರಿ ಅಧ್ಯಕ್ಷ ಪದವಿಗೇರಿದರು. ಅವರ ಬೆನ್ನಿಗೆ ನಿಂತವರು ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಹೋರ್ಹೆ ಅನಾಯಾ. ದ್ವೀಪಗಳನ್ನು ವಶಪಡಿಸಿಕೊಳ್ಳುವುದು ಅನಾಯಾ ಅವರ ಬಹುಕಾಲದ ಕನಸು, ಅವರ ಬೆಂಬಲದ ಬೆಲೆಯೂ ಅದೇ. 1982ರ ಮಾರ್ಚ್ 30ರಂದು ಕಾರ್ಮಿಕ ಸಂಘಟನೆಗಳು ಆಡಳಿತದ ವಿರುದ್ಧ ಬೀದಿಗಿಳಿದಾಗ ಲಾಠಿ, ಅಶ್ರುವಾಯುಗಳು ಮಾತನಾಡಿದವು. ಏಪ್ರಿಲ್ 2ರಂದು ದ್ವೀಪಗಳ ಮೇಲೆ ಅರ್ಜೆಂಟೀನದ ಬಾವುಟ ಹಾರಿತು. ಮೂರು ದಿನಗಳ ಹಿಂದೆ ಪೆಟ್ಟು ತಿಂದಿದ್ದ ನಗರವೇ ಮಾಯೊ ಚೌಕದಲ್ಲಿ ನೆರೆದು ಅದೇ ಸೇನಾನಿಗಳಿಗೆ ಜಯಕಾರ ಹಾಕಿತು.

ಲಂಡನ್ನಿನಲ್ಲೂ ಪ್ರಧಾನಿಯ ಸ್ಥಾನ ಭದ್ರವಾಗಿರಲಿಲ್ಲ. 1982ರ ಆರಂಭದಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. 1981ರ ಡಿಸೆಂಬರ್‌ನ ಗ್ಯಾಲಪ್ ಸಮೀಕ್ಷೆಯಲ್ಲಿ ಥ್ಯಾಚರ್ ಅವರ ಕಾರ್ಯವೈಖರಿಯನ್ನು ಮೆಚ್ಚಿದವರು ನಾಲ್ಕರಲ್ಲಿ ಒಬ್ಬರು ಮಾತ್ರ. ದ್ವೀಪಗಳು ಕೈತಪ್ಪಿದ ಮೂರು ದಿನಕ್ಕೆ ವಿದೇಶಾಂಗ ಸಚಿವ ಲಾರ್ಡ್ ಕ್ಯಾರಿಂಗ್ಟನ್ ರಾಜೀನಾಮೆ ಇತ್ತರು. ಯುದ್ಧದಲ್ಲಿ ಸೋತಿದ್ದರೆ ಥ್ಯಾಚರ್ ಅವರೂ ಅದೇ ದಾರಿ ಹಿಡಿಯಬೇಕಾಗುತ್ತಿತ್ತು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಮೂರನೆಯ ಲೆಕ್ಕ ಬ್ರಿಟಿಷ್ ನೌಕಾಪಡೆಯದು. ಅದು ಹೆಚ್ಚಾಗಿ ಚರ್ಚೆಗೆ ಬರುವುದಿಲ್ಲ. ರಕ್ಷಣಾ ಸಚಿವ ಜಾನ್ ನಾಟ್ 1981ರ ಜೂನ್‌ನಲ್ಲಿ ಮಂಡಿಸಿದ ಪರಾಮರ್ಶೆ ನೌಕಾಪಡೆಗೆ ಕತ್ತರಿ ಹಾಕಿತ್ತು. ದಕ್ಷಿಣ ಅಟ್ಲಾಂಟಿಕ್‌ನಲ್ಲಿದ್ದ ‘ಎಂಡ್ಯೂರೆನ್ಸ್’ ನೌಕೆಯನ್ನು ಹಿಂದಕ್ಕೆ ಕರೆಸುವ ತೀರ್ಮಾನವಾಗಿತ್ತು. ವಿಮಾನವಾಹಕ ನೌಕೆ ‘ಇನ್‌ವಿನ್ಸಿಬಲ್’ ಅನ್ನು ಆಸ್ಟ್ರೇಲಿಯಾಕ್ಕೆ ಮಾರುವ ಒಪ್ಪಂದವೂ ಆಗಿತ್ತು. ಕಡಿತವನ್ನು ವಿರೋಧಿಸಿದ ನೌಕಾ ಖಾತೆಯ ಕಿರಿಯ ಸಚಿವರು ಸ್ಥಾನ ಕಳೆದುಕೊಂಡಿದ್ದರು. 1982ರ ಮಾರ್ಚ್ 31ರ ಸಂಜೆ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಹೆನ್ರಿ ಲೀಚ್ ಸಮವಸ್ತ್ರದಲ್ಲೇ ಪ್ರಧಾನಿಯ ಕೋಣೆಗೆ ಬಂದು, ದ್ವೀಪಗಳನ್ನು ಮರಳಿ ಪಡೆಯಲು ಪಡೆ ಕಳುಹಿಸುವುದು ಸಾಧ್ಯ, ಕಳುಹಿಸಲೇಬೇಕು ಎಂದರು. ಅದು ಸೇನಾಧಿಕಾರಿಯ ಪ್ರಾಮಾಣಿಕ ಸಲಹೆಯೇ. ಆದರೆ ತಮ್ಮ ಪಡೆಯ ಅಸ್ತಿತ್ವ ಅದರಲ್ಲಡಗಿದೆ ಎಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಯುದ್ಧ ಮುಗಿದ ಮೇಲೆ ಇನ್‌ವಿನ್ಸಿಬಲ್ ಮಾರಾಟ ರದ್ದಾಯಿತು, ಕಡಿತದ ಹಲವು ಪ್ರಸ್ತಾವಗಳು ಹಿಂದೆ ಸರಿದವು.

ಹೀಗೆ ಟಾರ್ಪಿಡೊ ಹಾರುವ ಮುನ್ನವೇ ಮೂರು ಕಡೆ ಮೂರು ಪ್ರತಿಷ್ಠೆಗಳು ಪಣಕ್ಕಿದ್ದವು. ರಾಜಕೀಯ ಹಿತಾಸಕ್ತಿ ಇತ್ತೇ ಎಂಬುದು ಇಲ್ಲಿ ಪ್ರಶ್ನೆಯಲ್ಲ, ಅದು ಎಲ್ಲರಿಗೂ ಇತ್ತು. ಮೇ 2ರ ಆದೇಶ ಆ ಹಿತಾಸಕ್ತಿಯಿಂದಲೇ ಹುಟ್ಟಿತೇ ಎಂಬುದಷ್ಟೇ ಪ್ರಶ್ನೆ.

ಆ ಭಾನುವಾರ ನಡೆದದ್ದು

ಬೆಲ್‌ಗ್ರಾನೊ ಹಳೆಯ ಹಡಗು. 1938ರಲ್ಲಿ ನೀರಿಗಿಳಿದಾಗ ಅದು ಅಮೆರಿಕದ ‘ಫೀನಿಕ್ಸ್’. 1941ರಲ್ಲಿ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದಾಗ ಅಲ್ಲಿದ್ದೂ ಗಾಯವಿಲ್ಲದೆ ಪಾರಾಗಿತ್ತು. 1951ರಲ್ಲಿ ಅರ್ಜೆಂಟೀನ ಅದನ್ನು ಕೊಂಡಿತು. 15 ದೊಡ್ಡ ಫಿರಂಗಿಗಳಿದ್ದ ಈ ಕ್ರೂಸರ್ ಜೊತೆ ಎಕ್ಸೊಸೆಟ್ ಕ್ಷಿಪಣಿ ಹೊತ್ತ ಎರಡು ವಿಧ್ವಂಸಕ ನೌಕೆಗಳಿದ್ದವು. ಅರ್ಜೆಂಟೀನದ ವಿಮಾನವಾಹಕ ನೌಕೆ ‘ವೆಂಟಿಸಿಂಕೊ ದೆ ಮಾಯೊ’ ಉತ್ತರದಿಂದ, ಬೆಲ್‌ಗ್ರಾನೊ ಗುಂಪು ದಕ್ಷಿಣದಿಂದ ಬ್ರಿಟಿಷ್ ಪಡೆಯನ್ನು ಇಕ್ಕಳದಂತೆ ಹಿಡಿಯಬಹುದು ಎಂಬುದು ಬ್ರಿಟಿಷ್ ಪಡೆಯ ಸೇನಾನಿ ರಿಯರ್ ಅಡ್ಮಿರಲ್ ಸ್ಯಾಂಡಿ ವುಡ್‌ವರ್ಡ್ ಅವರ ಆತಂಕ. ಅದು ಬರೀ ಕಲ್ಪನೆಯಾಗಿರಲಿಲ್ಲ. ಮೇ 2ರ ಬೆಳಗಿನ ಜಾವ ವಿಮಾನವಾಹಕ ನೌಕೆಯಿಂದ ದಾಳಿಗೆ ಸಿದ್ಧವಾಗಿದ್ದ ವಿಮಾನಗಳು ಹಾರದೆ ಉಳಿದದ್ದು ಸಾಕಷ್ಟು ಗಾಳಿ ಬೀಸದ ಕಾರಣ.

ವುಡ್‌ವರ್ಡ್ ಬಳಿ ಇದ್ದದ್ದು ‘ಹರ್ಮಿಸ್’ ಮತ್ತು ಇನ್‌ವಿನ್ಸಿಬಲ್ ಎಂಬ ಎರಡೇ ವಿಮಾನವಾಹಕ ನೌಕೆಗಳು. ಒಂದನ್ನು ಕಳೆದುಕೊಂಡರೂ ಯುದ್ಧ ಮುಗಿದಂತೆ. ಉತ್ತರದ ವಿಮಾನವಾಹಕ ನೌಕೆ ಬ್ರಿಟಿಷ್ ಜಲಾಂತರ್ಗಾಮಿಗಳ ಕಣ್ಣಿಗೆ ಬಿದ್ದಿರಲಿಲ್ಲ. ಕೈಗೆ ಸಿಕ್ಕಿದ್ದು ದಕ್ಷಿಣದ ಗುಂಪು ಮಾತ್ರ. ಅಣುಚಾಲಿತ ಜಲಾಂತರ್ಗಾಮಿ ‘ಕಾಂಕರರ್’ ಮೇ 1ರಿಂದಲೇ ಅದನ್ನು ಹಿಂಬಾಲಿಸುತ್ತಿತ್ತು. ಆದರೆ ಬೆಲ್‌ಗ್ರಾನೊ ‘ಬರ್ಡ್‌ವುಡ್ ಬ್ಯಾಂಕ್’ ಎಂಬ ಆಳ ಕಡಿಮೆ ಇರುವ ಪ್ರದೇಶದ ಮೇಲೆ ಹಾದರೆ ಹಿಂಬಾಲಿಸುವುದು ಕಷ್ಟವಾಗುತ್ತಿತ್ತು. ಇದನ್ನರಿತ ವುಡ್‌ವರ್ಡ್ ತಮಗಿಲ್ಲದ ಅಧಿಕಾರವನ್ನು ಚಲಾಯಿಸಿ ದಾಳಿಯ ಆದೇಶವನ್ನು ನೇರವಾಗಿ ಕಾಂಕರರ್‌ಗೆ ಕಳುಹಿಸಿದರು. ಜಲಾಂತರ್ಗಾಮಿಗಳ ನಿಯಂತ್ರಣವಿದ್ದುದು ಲಂಡನ್ ಬಳಿಯ ನಾರ್ತ್‌ವುಡ್‌ನಲ್ಲಿ. ಅಲ್ಲಿನವರು ಆ ಸಂದೇಶವನ್ನು ತಡೆದರು. ಅವರು ತಡೆಯುತ್ತಾರೆಂಬುದು ವುಡ್‌ವರ್ಡ್ ಅವರಿಗೂ ಗೊತ್ತಿತ್ತು. ವಿಷಯ ಎಷ್ಟು ತುರ್ತಿನದು ಎಂಬುದನ್ನು ಮೇಲಿನವರಿಗೆ ಮುಟ್ಟಿಸಲು ಅವರು ಹಿಡಿದ ದಾರಿ ಅದು.

ಅಂದು ಭಾನುವಾರ. ಪ್ರಧಾನಿಯವರ ಗ್ರಾಮೀಣ ನಿವಾಸ ಚೆಕರ್ಸ್‌ನಲ್ಲಿ ಸಮರ ಸಂಪುಟ ಸೇರಿತ್ತು. ರಕ್ಷಣಾ ಪಡೆಗಳ ಮುಖ್ಯಸ್ಥ ಅಡ್ಮಿರಲ್ ಟೆರೆನ್ಸ್ ಲೂವಿನ್ ವಿಷಯ ಮುಂದಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಅನುಮತಿ ಸಿಕ್ಕಿತು. ಹೊಸ ವಿದೇಶಾಂಗ ಸಚಿವ ಫ್ರಾನ್ಸಿಸ್ ಪಿಮ್ ಆ ವೇಳೆ ಅಮೆರಿಕದಲ್ಲಿದ್ದರು. ಸ್ಥಳೀಯ ಕಾಲಮಾನ ಸಂಜೆ ನಾಲ್ಕರ ಸುಮಾರಿಗೆ ಕಾಂಕರರ್ ಹಾರಿಸಿದ ಮೂರು ಟಾರ್ಪಿಡೊಗಳಲ್ಲಿ ಎರಡು ಗುರಿ ಮುಟ್ಟಿದವು. ಅವು ಎರಡನೆಯ ಮಹಾಯುದ್ಧದ ಕಾಲದ ವಿನ್ಯಾಸದವು. ಅಣುಚಾಲಿತ ಜಲಾಂತರ್ಗಾಮಿಯೊಂದು ಯುದ್ಧದಲ್ಲಿ ಹಡಗು ಮುಳುಗಿಸಿದ್ದು ಅದೇ ಮೊದಲು. ಬೆಲ್‌ಗ್ರಾನೊ ಆಗ ಬ್ರಿಟನ್ ಘೋಷಿಸಿದ್ದ 200 ನಾಟಿಕಲ್ ಮೈಲಿಗಳ ನಿರ್ಬಂಧಿತ ವಲಯದ ಹೊರಗೆ ಸುಮಾರು 35 ಮೈಲಿ ದೂರದಲ್ಲಿತ್ತು. ಅದರ ಮುಖವಿದ್ದುದು ಪಶ್ಚಿಮಕ್ಕೆ, ತಾಯ್ನಾಡಿನ ಕಡೆಗೆ.

ಆರೋಪ ಎಷ್ಟು ಗಟ್ಟಿ?

ಈ ಎರಡು ಸಂಗತಿಗಳ ಜೊತೆ ಮೂರನೆಯದೊಂದು ಸೇರಿಕೊಂಡು ಸಂಶಯ ಬಲಿಯಿತು. ಪೆರು ದೇಶದ ಅಧ್ಯಕ್ಷ ಫೆರ್ನಾಂಡೊ ಬೆಲಾಂಡೆ ಅಮೆರಿಕದ ವಿದೇಶಾಂಗ ಸಚಿವ ಅಲೆಕ್ಸಾಂಡರ್ ಹೇಗ್ ಅವರೊಡನೆ ಸೇರಿ ಅದೇ ವಾರಾಂತ್ಯ ಏಳು ಅಂಶಗಳ ಶಾಂತಿ ಸೂತ್ರ ಸಿದ್ಧಪಡಿಸುತ್ತಿದ್ದರು. ಬ್ಯೂನಸ್ ಐರಿಸ್‌ನ ಸೇನಾನಿಗಳು ಆ ರಾತ್ರಿ ಅದನ್ನು ಪರಿಶೀಲಿಸುತ್ತಿದ್ದಾಗಲೇ ಹಡಗು ಮುಳುಗಿದ ಸುದ್ದಿ ಬಂತು, ಸೂತ್ರ ಬಿದ್ದುಹೋಯಿತು. ಶಾಂತಿಯನ್ನು ಮುಳುಗಿಸಲೆಂದೇ ಥ್ಯಾಚರ್ ಹಡಗನ್ನು ಮುಳುಗಿಸಿದರು ಎಂದು ಲೇಬರ್ ಪಕ್ಷದ ಸಂಸದ ಟ್ಯಾಮ್ ಡ್ಯಾಲಿಯೆಲ್ ವರ್ಷಗಟ್ಟಲೆ ವಾದಿಸಿದರು.

ಆರೋಪದ ಬಲವಿರುವುದು ಅದರ ಕಾಲಕ್ರಮದಲ್ಲಿ. ಅದು ಕುಸಿಯುವುದೂ ಅಲ್ಲೇ. ಅನುಮತಿ ಹೊರಟದ್ದು ಲಂಡನ್ನಿನ ಮಧ್ಯಾಹ್ನ. ಪೆರು ಸೂತ್ರದ ವಿವರ ಲಂಡನ್ನಿಗೆ ತಲುಪಿದ್ದು ದಾಳಿಯ ನಂತರವೇ ಎಂಬುದು ಸರ್ಕಾರದ ನಿಲುವು. ಇದನ್ನು ಸುಳ್ಳೆನ್ನುವ ದಾಖಲೆ ಹೊರಬಂದಿಲ್ಲ. 1985ರಲ್ಲಿ ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸಮಿತಿಯ ಬಹುಮತದ ವರದಿ ಸರ್ಕಾರದ ಪರ ನಿಂತಿತು. ಲೇಬರ್ ಸದಸ್ಯರು ಭಿನ್ನಮತ ದಾಖಲಿಸಿದರು. 2005ರಲ್ಲಿ ಪ್ರಕಟವಾದ, ಇತಿಹಾಸಕಾರ ಲಾರೆನ್ಸ್ ಫ್ರೀಡ್‌ಮನ್ ಬರೆದ ಅಧಿಕೃತ ಇತಿಹಾಸವೂ ಸಂಚಿನ ವಾದವನ್ನು ಪುರಸ್ಕರಿಸಲಿಲ್ಲ.

ವಲಯದ ಗೆರೆಯ ವಿಚಾರವೂ ಮೇಲ್ನೋಟಕ್ಕೆ ಕಂಡಷ್ಟು ಸರಳವಲ್ಲ. ತನ್ನ ಪಡೆಗೆ ಬೆದರಿಕೆಯಾಗಬಲ್ಲ ಯಾವುದೇ ಹಡಗನ್ನು ಎಲ್ಲಿದ್ದರೂ ವೈರಿಯೆಂದು ಪರಿಗಣಿಸುವುದಾಗಿ ಬ್ರಿಟನ್ ಏಪ್ರಿಲ್ 23ರಂದೇ ಸ್ವಿಟ್ಜರ್ಲೆಂಡ್ ಮೂಲಕ ಅರ್ಜೆಂಟೀನಕ್ಕೆ ಎಚ್ಚರಿಕೆ ಕೊಟ್ಟಿತ್ತು. ಅದರ ಅರ್ಥ ಅರ್ಜೆಂಟೀನದ ನೌಕಾಧಿಕಾರಿಗಳಿಗೆ ಆಗಿತ್ತು. ಬೆಲ್‌ಗ್ರಾನೊ ಕಪ್ತಾನ ಎಕ್ಟರ್ ಬೊನ್ಸೊ ಅವರೇ, ಪಶ್ಚಿಮಕ್ಕೆ ತಿರುಗಿದ್ದು ತಾತ್ಕಾಲಿಕ ನಡೆಯಾಗಿತ್ತು ಎಂದು ಅನಂತರ ಹೇಳಿದರು. ಅರ್ಜೆಂಟೀನದ ರಕ್ಷಣಾ ಸಚಿವಾಲಯ 1994ರಲ್ಲಿ ದಾಳಿಯನ್ನು ಯುದ್ಧ ನಿಯಮಗಳಿಗೆ ಒಳಪಟ್ಟ ಕೃತ್ಯವೆಂದು ಒಪ್ಪಿಕೊಂಡಿತು. ಮೃತರ ಬಂಧುಗಳು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೊರೆಹೋದರು. 2000ದಲ್ಲಿ ಆ ದೂರು ಬಿದ್ದುಹೋದದ್ದು ಅವಧಿ ಮೀರಿದೆ ಎಂಬ ತಾಂತ್ರಿಕ ಕಾರಣಕ್ಕೆ. ತಪ್ಪು ಒಪ್ಪುಗಳ ಗೊಡವೆಗೆ ನ್ಯಾಯಾಲಯ ಹೋಗಲೇ ಇಲ್ಲ.

ಹಾಗೆಂದು ಅನುಮಾನಕ್ಕೆ ಎಡೆಯೇ ಇಲ್ಲವೆಂದಲ್ಲ. ವಿಮಾನವಾಹಕ ನೌಕೆಯನ್ನು ವಲಯದ ಹೊರಗೂ ಹೊಡೆಯಲು ಏಪ್ರಿಲ್ 30ರಂದು ಅನುಮತಿ ನೀಡಿದಾಗ, ಮುನ್ನೆಚ್ಚರಿಕೆ ಇಲ್ಲದ ದಾಳಿಯ ಪರಿಣಾಮದ ಬಗ್ಗೆ ಪಿಮ್ ಆತಂಕ ವ್ಯಕ್ತಪಡಿಸಿದ್ದರು. ಆ ದನಿ ಚೆಕರ್ಸ್ ಸಭೆಯಲ್ಲಿ ಇರಲಿಲ್ಲ. ರಾಜತಾಂತ್ರಿಕ ಪರಿಣಾಮಗಳನ್ನು ತೂಗಿ ನೋಡಬೇಕಾದ ಸಚಿವರು ಸಾಗರದಾಚೆ ಇದ್ದಾಗ, ಅವರನ್ನು ಕೇಳದೆ, ಸೇನಾ ಮುಖ್ಯಸ್ಥರ ಕೋರಿಕೆಯನ್ನು ಊಟದ ಬಿಡುವಿನಲ್ಲಿ ಅಂಗೀಕರಿಸಲಾಯಿತು. ಇದು ಸಂಚಲ್ಲ. ಆದರೆ ಶಾಂತಿಯ ಬಾಗಿಲು ಇನ್ನೂ ತೆರೆದಿದೆಯೇ ಎಂದು ಕೇಳುವ ತಾಳ್ಮೆ ಆ ಕೋಣೆಯಲ್ಲಿ ಇರಲಿಲ್ಲ ಎಂಬುದು ನಿಜ. ಯುದ್ಧಕಾಲದ ರಾಜಕೀಯ ಅನೇಕ ಸಲ ಹೀಗೆಯೇ ಕೆಲಸ ಮಾಡುತ್ತದೆ. ಅಲ್ಲಿ ಕೆಟ್ಟ ಉದ್ದೇಶ ಬೇಕಾಗಿಲ್ಲ, ಒಂದು ಪ್ರಶ್ನೆ ಕೇಳದೆ ಬಿಟ್ಟರೆ ಸಾಕು.

ಯುದ್ಧದಿಂದ ಲಾಭ ಪಡೆದವರೇ ಅದಕ್ಕಾಗಿ ಹಡಗು ಮುಳುಗಿಸಿದರು ಎಂಬ ತರ್ಕವನ್ನೂ ಎಚ್ಚರಿಕೆಯಿಂದ ನೋಡಬೇಕು. 1983ರ ಜೂನ್ ಚುನಾವಣೆಯಲ್ಲಿ ಥ್ಯಾಚರ್ ಪಕ್ಷ 397 ಸ್ಥಾನ ಗೆದ್ದಿತು. ಯುದ್ಧದ ಅಲೆ ಅದಕ್ಕೆ ನೆರವಾಯಿತು, ಸರಿ. ಆದರೆ ವಿರೋಧ ಪಕ್ಷ ಆ ವೇಳೆಗೆ ಒಡೆದು ಎರಡಾಗಿತ್ತು. ಲೇಬರ್ ಶೇ. 27.6, ಹೊಸ ಮೈತ್ರಿಕೂಟ ಶೇ. 25.4 ಮತ ಹಂಚಿಕೊಂಡವು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದರೆ ಕಾಗೆಯೇ ಕೊಂಬೆ ಮುರಿಯಿತು ಎನ್ನಲಾಗದು. ಮೇ 2ರ ಮಧ್ಯಾಹ್ನ ಗೆಲುವು ಖಚಿತವಾಗಿರಲೂ ಇಲ್ಲ. ಎರಡು ದಿನಗಳ ಬಳಿಕ ಎಕ್ಸೊಸೆಟ್ ಕ್ಷಿಪಣಿ ಬ್ರಿಟನ್ನಿನ ‘ಶೆಫೀಲ್ಡ್’ ನೌಕೆಯನ್ನು ಬಡಿದು 20 ಜನ ಸತ್ತರು.

ಸುಳ್ಳು ಹುಟ್ಟಿದ್ದು ದಾಳಿಯ ನಂತರ

ರಾಜಕೀಯದ ಕೈವಾಡ ನಿಜವಾಗಿ ಸಾಬೀತಾಗುವುದು ಹಡಗು ಮುಳುಗಿದ ಮೇಲೆ. ಮೇ 4ರಂದು ರಕ್ಷಣಾ ಸಚಿವ ನಾಟ್, ಬೆಲ್‌ಗ್ರಾನೊ ಗುಂಪು ಬ್ರಿಟಿಷ್ ಪಡೆಯತ್ತ ಧಾವಿಸುತ್ತಿತ್ತು, ಕೆಲವೇ ಗಂಟೆಗಳ ದೂರದಲ್ಲಿತ್ತು ಎಂಬರ್ಥದಲ್ಲಿ ಸಂಸತ್ತಿಗೆ ಹೇಳಿದರು. ಅದು ಪತ್ತೆಯಾದದ್ದು ಮೇ 2ರಂದು ಎಂದೂ ಸರ್ಕಾರ ಹೇಳಿತು. ಎರಡೂ ನಿಜವಲ್ಲ. ಹಡಗು ದಾಳಿಗೆ ಹಲವು ಗಂಟೆಗಳ ಮೊದಲೇ ದಿಕ್ಕು ಬದಲಿಸಿತ್ತು. ಅದನ್ನು ಕಾಂಕರರ್ ನಾರ್ತ್‌ವುಡ್‌ಗೆ ವರದಿ ಮಾಡಿತ್ತು. ಆ ವರದಿ ಸಚಿವರ ತನಕ ಬರಲಿಲ್ಲ ಎಂಬುದು ಅನಂತರದ ಸಮಜಾಯಿಷಿ.

ಆರಂಭದ ಹೇಳಿಕೆ ಅವಸರದ ತಪ್ಪೆಂದೇ ಇಟ್ಟುಕೊಳ್ಳೋಣ. ತಿದ್ದಿಕೊಳ್ಳಲು ಸಮಯವಿತ್ತು. ಆದರೆ ತಿದ್ದಲಿಲ್ಲ. 1983ರ ಮೇ ತಿಂಗಳಲ್ಲಿ, ಚುನಾವಣೆಗೆ ಎರಡು ವಾರವಿರುವಾಗ, ಬಿಬಿಸಿ ದೂರದರ್ಶನದ ನೇರ ಕಾರ್ಯಕ್ರಮದಲ್ಲಿ ಶಿಕ್ಷಕಿಯೊಬ್ಬರು ಹಡಗು ದೂರ ಸಾಗುತ್ತಿದ್ದಾಗ ಹೊಡೆದದ್ದೇಕೆ ಎಂದು ಪ್ರಧಾನಿಯನ್ನು ಕೇಳಿದರು. ಅದು ದೂರ ಸಾಗುತ್ತಿರಲಿಲ್ಲ ಎಂದು ಥ್ಯಾಚರ್ ಉತ್ತರಿಸಿದರು. ಶಿಕ್ಷಕಿ ಪಟ್ಟು ಬಿಡಲಿಲ್ಲ. ಹಡಗು ಕಣ್ಣಿಗೆ ಬಿದ್ದದ್ದು ಮೇ 1ರಂದೇ ಎಂದು ಪ್ರಧಾನಿ ಒಪ್ಪಿಕೊಂಡದ್ದು 1984ರ ಏಪ್ರಿಲ್‌ನಲ್ಲಿ, ಚುನಾವಣೆ ಮುಗಿದು ಹತ್ತು ತಿಂಗಳಾದ ಮೇಲೆ.

ರಕ್ಷಣಾ ಸಚಿವಾಲಯದ ಹಿರಿಯ ಅಧಿಕಾರಿ ಕ್ಲೈವ್ ಪಾಂಟಿಂಗ್ ಈ ಪ್ರಕರಣದ ಸಂಪೂರ್ಣ ಕಾಲಾನುಕ್ರಮಣಿಕೆಯನ್ನು ಸಿದ್ಧಪಡಿಸಿದ್ದರು. ಸಂಸತ್ತಿನಿಂದ ಸತ್ಯವನ್ನು ಬೇಕೆಂದೇ ಮುಚ್ಚಿಡಲಾಗುತ್ತಿದೆ ಎಂದು ಮನಗಂಡ ಅವರು 1984ರ ಜುಲೈನಲ್ಲಿ ಎರಡು ದಾಖಲೆಗಳನ್ನು ಡ್ಯಾಲಿಯೆಲ್ ಅವರಿಗೆ ಅಂಚೆಯಲ್ಲಿ ಕಳುಹಿಸಿದರು. ಸರ್ಕಾರ ಅಧಿಕೃತ ರಹಸ್ಯ ಕಾಯಿದೆಯಡಿ ಮೊಕದ್ದಮೆ ಹೂಡಿತು. ದೇಶದ ಹಿತವೆಂದರೆ ಅಂದಿನ ಸರ್ಕಾರ ಯಾವುದನ್ನು ಹಿತವೆನ್ನುತ್ತದೋ ಅದೇ ಎಂಬರ್ಥದಲ್ಲಿ ನ್ಯಾಯಾಧೀಶರು ಜ್ಯೂರಿಗೆ ಸೂಚನೆ ಕೊಟ್ಟರು. ಜ್ಯೂರಿಯ ಸಾಮಾನ್ಯ ನಾಗರಿಕರು ಅದಕ್ಕೆ ತಲೆಬಾಗಲಿಲ್ಲ. 1985ರ ಫೆಬ್ರುವರಿ 11ರಂದು ಪಾಂಟಿಂಗ್ ನಿರ್ದೋಷಿಯೆಂದು ಬಿಡುಗಡೆಯಾದರು. ಸರ್ಕಾರ ಕಲಿತ ಪಾಠ ಬೇರೆಯೇ. 1989ರಲ್ಲಿ ಕಾಯಿದೆಯನ್ನೇ ಬದಲಿಸಿ, ಸಾರ್ವಜನಿಕ ಹಿತಕ್ಕಾಗಿ ಬಹಿರಂಗಪಡಿಸಿದೆ ಎಂಬ ಸಮರ್ಥನೆಗೆ ಜಾಗವೇ ಇಲ್ಲದಂತೆ ಮಾಡಿತು.

ಮುಚ್ಚಿಟ್ಟದ್ದು ಏಕೆ? ಅರ್ಜೆಂಟೀನದ ಸಂಕೇತ ಸಂದೇಶಗಳನ್ನು ಬ್ರಿಟನ್ ಕದ್ದು ಓದುತ್ತಿತ್ತು, ಆ ಗುಟ್ಟು ಕಾಪಾಡಬೇಕಿತ್ತು ಎಂಬುದು ಒಂದು ಕಾರಣ. ಅದರಲ್ಲಿ ಹುರುಳಿದೆ. ಆದರೆ ಗುಟ್ಟು ಕಾಯಲು ಮೌನ ಸಾಕಿತ್ತು, ಸುಳ್ಳು ಹೇಳಬೇಕಿರಲಿಲ್ಲ. ದಾಳಿಗೆ ಸೇನಾ ಸಮರ್ಥನೆ ಇದ್ದೇ ಇತ್ತು. ಅದು ಎತ್ತ ಸಾಗುತ್ತಿದ್ದರೂ ಅಪಾಯಕಾರಿಯೇ, ಆದ್ದರಿಂದ ಹೊಡೆದೆವು ಎಂದು ಮೊದಲ ದಿನವೇ ಹೇಳಬಹುದಿತ್ತು. ಆದರೆ ಮನೆಯತ್ತ ಮುಖ ಮಾಡಿದ್ದ ಹಡಗಿನಲ್ಲಿ ನೂರಾರು ಹುಡುಗರನ್ನು ಕೊಂದೆವು ಎಂಬ ಚಿತ್ರ ಮತದಾರರ ಮುಂದೆ, ಮಿತ್ರ ದೇಶಗಳ ಮುಂದೆ ಚೆನ್ನಾಗಿ ಕಾಣುವುದಿಲ್ಲ. ನೆರೆಯ ಐರ್ಲೆಂಡ್ ಕೂಡ ಆ ದಾಳಿಯ ಬಳಿಕ ಅರ್ಜೆಂಟೀನ ವಿರುದ್ಧದ ಆರ್ಥಿಕ ದಿಗ್ಬಂಧನದಿಂದ ಹಿಂದೆ ಸರಿಯಿತು. ಹೀಗಾಗಿ ಸಮರ್ಥಿಸಬಹುದಾಗಿದ್ದ ನಿರ್ಧಾರಕ್ಕೆ ಸಮರ್ಥಿಸಲಾಗದ ಕಥೆಯೊಂದನ್ನು ಹೊದಿಸಲಾಯಿತು. ಸಂಚಿನ ಆರೋಪಕ್ಕೆ ಗೊಬ್ಬರ ಹಾಕಿದ್ದು ವಿರೋಧಿಗಳಿಗಿಂತ ಹೆಚ್ಚಾಗಿ ಈ ಸುಳ್ಳೇ.

ಸೋತವರ ಹೊಣೆ

ಬೆಲ್‌ಗ್ರಾನೊ ಚರ್ಚೆ ಲಂಡನ್ನಿನ ಸುತ್ತಲೇ ತಿರುಗಿದ್ದರಿಂದ ಬ್ಯೂನಸ್ ಐರಿಸ್ ಸುಲಭವಾಗಿ ಪಾರಾಯಿತು. ಹಡಗಿನಲ್ಲಿದ್ದ ಸುಮಾರು 1,100 ಜನರಲ್ಲಿ ಕಡ್ಡಾಯ ಸೇನಾ ಸೇವೆಗೆ ಬಂದ ಹದಿಹರೆಯದವರು ಅನೇಕರಿದ್ದರು. ಎರಡನೆಯ ಮಹಾಯುದ್ಧ ಕಂಡ ಹಡಗನ್ನು ಅಣುಚಾಲಿತ ಜಲಾಂತರ್ಗಾಮಿಗಳು ಸುಳಿದಾಡುವ ಕಡಲಿಗೆ ಕಳುಹಿಸಿದವರು ಯಾರು? ಬ್ರಿಟನ್ ಹೋರಾಡಲಾರದು ಎಂಬ ನಂಬಿಕೆಯ ಮೇಲೆ ಯುದ್ಧ ಹೂಡಿದವರು ಯಾರು? ದ್ವೀಪಗಳ ಯೋಜನೆಗೆ ಮೂಲವಾದ ನೌಕಾಪಡೆಯೇ ಮೇ 2ರ ಬಳಿಕ ತನ್ನ ದೊಡ್ಡ ಹಡಗುಗಳನ್ನೆಲ್ಲ ಕರಾವಳಿಗೆ ಎಳೆದುಕೊಂಡು ಮತ್ತೆ ಹೊರಬರಲಿಲ್ಲ. ದ್ವೀಪದ ಚಳಿಯಲ್ಲಿ ಕಂದಕ ತೋಡಿ ಕುಳಿತ ಹುಡುಗರನ್ನು ಅವರ ಪಾಡಿಗೆ ಬಿಟ್ಟಿತು. ಜೂನ್ 14ರಂದು ಯುದ್ಧ ಮುಗಿದಾಗ ಅರ್ಜೆಂಟೀನ 649, ಬ್ರಿಟನ್ 255 ಯೋಧರನ್ನು ಕಳೆದುಕೊಂಡಿದ್ದವು. ಅರ್ಜೆಂಟೀನದ ಸತ್ತವರಲ್ಲಿ ಅರ್ಧದಷ್ಟು ಜನ ಬೆಲ್‌ಗ್ರಾನೊ ಒಂದರಲ್ಲೇ ಇದ್ದವರು.

ಸೇನಾ ಆಡಳಿತ ತನ್ನ ಕೊನೆಯ ದಿನಗಳಲ್ಲಿ ನೇಮಿಸಿದ ರಾಟೆನ್‌ಬಾಖ್ ಆಯೋಗ ಯುದ್ಧದ ನಿರ್ವಹಣೆಯನ್ನು ತೀಕ್ಷ್ಣವಾಗಿ ಖಂಡಿಸಿ, ಸೇನಾನಾಯಕರ ಮೇಲೆ ಕಠಿಣ ಕ್ರಮಕ್ಕೆ ಶಿಫಾರಸು ಮಾಡಿತು. ಆ ವರದಿ ಅಧಿಕೃತವಾಗಿ ಜನರ ಮುಂದೆ ಬಂದದ್ದು 2012ರಲ್ಲಿ. ಪ್ರಜಾಪ್ರಭುತ್ವವಿದ್ದ ದೇಶದಲ್ಲಿ ಒಬ್ಬ ಶಿಕ್ಷಕಿ, ಒಬ್ಬ ಸಂಸದ, ಒಬ್ಬ ಅಧಿಕಾರಿ ಸೇರಿ ಮೂರು ವರ್ಷಗಳಲ್ಲಿ ಬಯಲು ಮಾಡಿದಷ್ಟನ್ನು ಹೊರತರಲು ಇಲ್ಲಿ ಮೂರು ದಶಕ ಬೇಕಾಯಿತು.

ಭಾರತಕ್ಕೇನು ಪಾಠ?

ವುಡ್‌ವರ್ಡ್ ಅಂದು ನಿಂತಿದ್ದ ಹರ್ಮಿಸ್ ನೌಕೆ ಭಾರತೀಯರಿಗೆ ಅಪರಿಚಿತವಲ್ಲ. ಅದನ್ನು 1986ರಲ್ಲಿ ಭಾರತ ಕೊಂಡಿತು. 1987ರಲ್ಲಿ ಅದು ‘ಐಎನ್‌ಎಸ್ ವಿರಾಟ್’ ಆಗಿ ನೌಕಾಪಡೆ ಸೇರಿ, 2017ರ ತನಕ ಸೇವೆ ಸಲ್ಲಿಸಿತು. ಹಡಗಿನ ಜೊತೆ ಆ ಹಡಗಿನ ಕಥೆಯ ಪಾಠವೂ ಬಂದಿದ್ದರೆ ಒಳ್ಳೆಯದಿತ್ತು.

ಭಾರತದ ನೌಕಾಪಡೆಗೆ ರಾಜಕೀಯ ನಿರ್ಧಾರದ ಎರಡು ಮುಖಗಳೂ ಗೊತ್ತು. 1965ರ ಯುದ್ಧದಲ್ಲಿ ಪೋರಬಂದರಿನ ಅಕ್ಷಾಂಶಕ್ಕಿಂತ ಉತ್ತರಕ್ಕೆ ಆಕ್ರಮಣಕಾರಿ ಕಾರ್ಯಾಚರಣೆ ಬೇಡವೆಂದು ಸರ್ಕಾರ ಕೈಕಟ್ಟಿತ್ತು. ಯುದ್ಧ ಸಮುದ್ರಕ್ಕೆ ಹರಡಬಾರದೆಂಬುದು ಉದ್ದೇಶ. ಸೆಪ್ಟೆಂಬರ್ 7ರ ರಾತ್ರಿ ಪಾಕಿಸ್ತಾನದ ನೌಕೆಗಳು ದ್ವಾರಕೆಯ ಮೇಲೆ ಗುಂಡಿನ ಮಳೆಗರೆದು ಮರಳಿದವು. ಆ ಅವಮಾನ ನೌಕಾಪಡೆಯನ್ನು ವರ್ಷಗಳ ಕಾಲ ಕಾಡಿತು. 1971ರಲ್ಲಿ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಎಸ್.ಎಂ. ನಂದಾ ಪ್ರಧಾನಿ ಇಂದಿರಾ ಗಾಂಧಿಯವರನ್ನು ಮೊದಲೇ ಕಂಡು, ಕರಾಚಿಯ ಮೇಲೆ ದಾಳಿ ಮಾಡಿದರೆ ರಾಜಕೀಯವಾಗಿ ಅಭ್ಯಂತರವಿದೆಯೇ ಎಂದು ಕೇಳಿದರು. ಯುದ್ಧವೆಂದರೆ ಯುದ್ಧವೇ ಎಂಬರ್ಥದ ಉತ್ತರ ಸಿಕ್ಕಿತು. ಡಿಸೆಂಬರ್ 4ರ ರಾತ್ರಿ ಕ್ಷಿಪಣಿ ದೋಣಿಗಳು ಕರಾಚಿಯನ್ನು ಬಡಿದವು. ನೌಕಾಪಡೆಯ ದಿನವೆಂದು ಆಚರಿಸುವುದು ಅದನ್ನೇ. ಐದು ದಿನಗಳ ಬಳಿಕ ಪಾಕಿಸ್ತಾನದ ಜಲಾಂತರ್ಗಾಮಿ ‘ಹಂಗೋರ್’ ಭಾರತದ ‘ಖುಕ್ರಿ’ಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿದಂತೆ 194 ಜನ ಕಡಲ ಪಾಲಾದರು.

1965ರ ತಡೆಯೂ ರಾಜಕೀಯ, 1971ರ ಅನುಮತಿಯೂ ರಾಜಕೀಯ. ಚುನಾಯಿತ ಸರ್ಕಾರ ಸೇನೆಗೆ ಎಲ್ಲಿ ನಿಲ್ಲಬೇಕು, ಎಲ್ಲಿ ಹೊಡೆಯಬೇಕು ಎಂದು ಹೇಳುವುದು ತಪ್ಪಲ್ಲ. ಹೇಳದಿರುವುದೇ ತಪ್ಪು. ತಕರಾರಿರುವುದು ಆ ನಿರ್ಧಾರದ ಲೆಕ್ಕವನ್ನು ಆಮೇಲೆ ಜನರಿಗೆ ಒಪ್ಪಿಸದಿರುವುದರಲ್ಲಿ. 2025ರ ಮೇ ತಿಂಗಳ ‘ಆಪರೇಷನ್ ಸಿಂಧೂರ’ದ ಬಳಿಕ, ಇಂಡೋನೇಷ್ಯಾದ ವಿಚಾರಗೋಷ್ಠಿಯೊಂದರಲ್ಲಿ ಭಾರತೀಯ ರಾಯಭಾರ ಕಚೇರಿಯ ನೌಕಾಧಿಕಾರಿಯೊಬ್ಬರು, ಆರಂಭದಲ್ಲಿ ಪಾಕಿಸ್ತಾನದ ಸೇನಾ ನೆಲೆಗಳನ್ನು ಹೊಡೆಯದಂತೆ ರಾಜಕೀಯ ನಾಯಕತ್ವ ಹಾಕಿದ್ದ ಮಿತಿಗೂ ವಿಮಾನಗಳ ನಷ್ಟಕ್ಕೂ ಸಂಬಂಧ ಕಲ್ಪಿಸಿ ಮಾತನಾಡಿದರು. ಸಂದರ್ಭದಿಂದ ಬೇರ್ಪಡಿಸಿ ವರದಿ ಮಾಡಲಾಗಿದೆ ಎಂದು ರಾಯಭಾರ ಕಚೇರಿ ಸ್ಪಷ್ಟೀಕರಣ ನೀಡಿತು. ಮಿತಿ ಹಾಕಿದ್ದು ಸರಿಯೇ ಇರಬಹುದು, ಅಣ್ವಸ್ತ್ರವಿರುವ ನೆರೆಯೊಡನೆ ಅದು ವಿವೇಕವೂ ಹೌದು. ಆದರೆ ಆ ಸುದ್ದಿ ದೇಶಕ್ಕೆ ತಲುಪಬೇಕಾದದ್ದು ಸಂಸತ್ತಿನ ಮೂಲಕ, ಜಕಾರ್ತಾದ ಸಭಾಂಗಣದ ಮೂಲಕ ಅಲ್ಲ. 1962ರ ಸೋಲಿನ ಕುರಿತ ಹೆಂಡರ್‌ಸನ್ ಬ್ರೂಕ್ಸ್ ವರದಿಯನ್ನು ಆರು ದಶಕಗಳಾದರೂ ಸರ್ಕಾರಗಳು ಬಿಡುಗಡೆ ಮಾಡಿಲ್ಲ. ಇದರಲ್ಲಿ ಪಕ್ಷಭೇದವಿಲ್ಲ. ಕಾರ್ಗಿಲ್ ಪರಾಮರ್ಶೆ ಸಮಿತಿಯ ವರದಿಯನ್ನು 2000ದಲ್ಲಿ ಸಂಸತ್ತಿನ ಮುಂದಿಟ್ಟದ್ದು ಒಂದು ಒಳ್ಳೆಯ ಅಪವಾದ, ಅದೂ ಹಲವು ಭಾಗಗಳನ್ನು ತೆಗೆದುಹಾಕಿ.

ಕಾರವಾರದ ಕದಂಬ ನೌಕಾನೆಲೆಯಿಂದ ಇಂದು ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ ಕಡಲಿಗಿಳಿಯುತ್ತದೆ. ಯಾವ ಗೆರೆ ದಾಟಬೇಕು, ಯಾವ ಹಡಗನ್ನು ಹೊಡೆಯಬೇಕು ಎಂಬ ತೀರ್ಮಾನ ಎಂದಾದರೊಂದು ದಿನ ದೆಹಲಿಯ ಕೋಣೆಯೊಂದರಲ್ಲಿ ಆಗಲೇಬೇಕಾಗಬಹುದು. ಆಗ ಕೇಳಬೇಕಾದ ಪ್ರಶ್ನೆಗಳನ್ನು ಬೆಲ್‌ಗ್ರಾನೊ ಪ್ರಕರಣ ಕಲಿಸಿಕೊಟ್ಟಿದೆ. ಆದೇಶ ಕೊಟ್ಟವರು ಯಾರು? ಆ ಗಳಿಗೆಯಲ್ಲಿ ಅವರಿಗೆ ಗೊತ್ತಿದ್ದದ್ದು ಏನು? ಬೇರೆ ದಾರಿಯಿದೆಯೇ ಎಂದು ಕೇಳುವವರೊಬ್ಬರು ಆ ಕೋಣೆಯಲ್ಲಿದ್ದರೇ? ಮರುದಿನ ಸಂಸತ್ತಿಗೆ ಹೇಳಿದ್ದು ನಿಜವೇ? ಮೊದಲ ಮೂರಕ್ಕೆ ಉತ್ತರ ಸಿಗಲು ಕಾಲ ಹಿಡಿಯುತ್ತದೆ, ಅದು ಸಹಜ. ನಾಲ್ಕನೆಯದಕ್ಕೆ ಕಾಯಬೇಕಾಗಿಲ್ಲ. ಸರ್ಕಾರವೊಂದು ಸುಳ್ಳು ಹೇಳಿ ಸಿಕ್ಕಿಬಿದ್ದರೆ ಅದು ಹೇಳಿದ ನಿಜವನ್ನೂ ಯಾರೂ ನಂಬುವುದಿಲ್ಲ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಆ ನಷ್ಟವನ್ನು ಕೊನೆಗೆ ಹೊರುವವರು ಮಂತ್ರಿಗಳಲ್ಲ. ಆದೇಶ ಸರಿಯಾಗಿದೆಯೆಂದು ನಂಬಿ ಗುಂಡಿ ಒತ್ತಿದ ನಾವಿಕರು, ಮತ್ತು ಆ ಆದೇಶಕ್ಕೆ ಆಹುತಿಯಾದವರ ಮನೆಯವರು.